ಹಾರ್ಟ್ ಫೇಲ್ಯೂರ್ ಇರುವವರಲ್ಲಿ ದಪ್ಪಗಿದ್ದವರೇ ಹೆಚ್ಚು ದಿನ ಬದುಕುತ್ತಾರಾ? ತೂಕದ ಲೆಕ್ಕ ಬಿಡಿಸೋಣ

ಪಥ್ಯದ ಪುಟ (ಆಹಾರ ತಜ್ಞೆ)

ಒಂದೇ ರೋಗಿಯ ಫೈಲಿನಲ್ಲಿ ಎರಡು ಸಲಹೆ ಕಾಣುವುದು ಈಗ ಅಪರೂಪವಲ್ಲ. ಒಂದು ಹಾಳೆಯಲ್ಲಿ "ಬಿಎಂಐ 33, ತೂಕ ಇಳಿಸಿ" ಅಂತ ಇರುತ್ತದೆ (ಬಿಎಂಐ ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ). ಇನ್ನೊಂದರಲ್ಲಿ "ಹಾರ್ಟ್ ಫೇಲ್ಯೂರ್ ಇದೆ, ತೂಕ ಇಳಿಯದಂತೆ ನೋಡಿಕೊಳ್ಳಿ" ಅಂತ. ಎರಡನ್ನೂ ಓದಿದ ಮನೆಯವರು ಕೊನೆಗೆ ಏನೂ ಮಾಡದೆ ಸುಮ್ಮನಾಗುತ್ತಾರೆ.

"ಒಬೆಸಿಟಿ ಪ್ಯಾರಡಾಕ್ಸ್" ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ದಪ್ಪಗಿರುವ ಹೃದಯ ವೈಫಲ್ಯದ ರೋಗಿಗಳು ಸಣಕಲು ರೋಗಿಗಳಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎನ್ನುವ ವಾದ ಅದು. ಈ ವಾದ ಈಗ ಎಲ್ಲಿಗೆ ಬಂದು ನಿಂತಿದೆ? ಆಹಾರದ ಪಟ್ಟಿ ಬರೆಯುವಾಗ ಯಾವ ರೋಗಿಗೆ ಇಳಿಸು ಅನ್ನಬೇಕು, ಯಾರಿಗೆ ಖಂಡಿತ ಅನ್ನಬಾರದು? ಹೃದ್ರೋಗ ವಿಭಾಗದವರು, ಔಷಧ ತಜ್ಞರು, ಫಿಸಿಯೋ ಎಲ್ಲರೂ ಬರೆಯಿರಿ. ರೋಗಿಯ ಮನೆಯವರಿಗೆ ಕೈಗೆ ಸಿಗುವಂಥ ಉತ್ತರ ಬೇಕು.

ಎಕೋ ಕೋಣೆ (ಹೃದ್ರೋಗ ತಜ್ಞ)

ಗೊಂದಲದ ಅರ್ಧ ಭಾಗ ಎರಡು ಪ್ರಶ್ನೆಗಳನ್ನು ಒಂದಾಗಿ ಕೇಳುವುದರಲ್ಲೇ ಇದೆ ಮೇಡಂ. ಬೊಜ್ಜಿನಿಂದ ಹಾರ್ಟ್ ಫೇಲ್ಯೂರ್ ಬರುತ್ತದೆಯೇ ಎನ್ನುವುದು ಒಂದು. ಬಂದ ಮೇಲೆ ಬೊಜ್ಜು ಕಾಪಾಡುತ್ತದೆಯೇ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಖಚಿತ. ಫ್ರಾಮಿಂಗ್‌ಹ್ಯಾಮ್ ಅಧ್ಯಯನದ 5,881 ಜನರನ್ನು ಸರಾಸರಿ 14 ವರ್ಷ ಗಮನಿಸಿ 2002ರಲ್ಲಿ ಲೆಕ್ಕ ಪ್ರಕಟವಾಯಿತು. ಬಿಎಂಐ ಒಂದು ಅಂಕ ಏರಿದರೆ ಅಪಾಯ ಗಂಡಸರಲ್ಲಿ 5%, ಹೆಂಗಸರಲ್ಲಿ 7% ಏರುತ್ತದೆ. ಬೊಜ್ಜಿದ್ದವರಿಗೆ ಅಪಾಯ ಸುಮಾರು ಎರಡು ಪಟ್ಟು. ಇದರಲ್ಲಿ ಆಶ್ಚರ್ಯವೇನಿಲ್ಲ. ಮೈ ದೊಡ್ಡದಾದಷ್ಟೂ ರಕ್ತದ ಪ್ರಮಾಣ ಹೆಚ್ಚುತ್ತದೆ, ಬಿಪಿ ಏರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ, ಹೃದಯದ ಹೊರಪದರದ ಮೇಲೂ ಕೊಬ್ಬು ಕೂರುತ್ತದೆ. ಹೃದಯದ ಗೋಡೆ ಬಿಗಿಯಾಗಲು ಇಷ್ಟು ಸಾಕು.

ಎರಡನೆಯದರಲ್ಲೇ ತಿರುವು ಇರುವುದು. 2001ರಲ್ಲಿ 1,203 ತೀವ್ರ ರೋಗಿಗಳ ಅಧ್ಯಯನದಲ್ಲಿ ಬಿಎಂಐ ಹೆಚ್ಚಿದ್ದವರೇ ಹೆಚ್ಚು ಬದುಕಿದ್ದು ಕಂಡಿತು. 2008ರಲ್ಲಿ ಒಂಬತ್ತು ಅಧ್ಯಯನಗಳ 28,209 ರೋಗಿಗಳನ್ನು ಒಟ್ಟು ಹಾಕಿ ನೋಡಿದಾಗಲೂ ಅದೇ: ಸಹಜ ತೂಕದವರಿಗೆ ಹೋಲಿಸಿದರೆ ಸಾವಿನ ಅಪಾಯ ತುಸು ದಪ್ಪಗಿದ್ದವರಲ್ಲಿ 16%, ಬೊಜ್ಜಿದ್ದವರಲ್ಲಿ 33% ಕಡಿಮೆ. ಅಂಕಿಗಳಲ್ಲಿ ತಪ್ಪಿಲ್ಲ. ಅವುಗಳಿಂದ "ದಪ್ಪ ಇರುವುದೇ ಒಳ್ಳೆಯದು" ಎಂದು ಹೊರಟದ್ದು ತಪ್ಪು.

ಯಾಕೆ ಅಂದರೆ, ದಪ್ಪಗಿರುವವರಿಗೆ ಹೃದಯ ಅಷ್ಟೇನೂ ಕೆಡುವ ಮೊದಲೇ ಏದುಸಿರು ಬರುತ್ತದೆ, ಬೇಗ ಬಂದು ತೋರಿಸುತ್ತಾರೆ. ಅಧ್ಯಯನಕ್ಕೆ ಸೇರುವಾಗ ಅವರ ವಯಸ್ಸೂ ಕಡಿಮೆ ಇರುತ್ತದೆ. ಸಣಕಲಾಗಿರುವವರಲ್ಲಿ ಎಷ್ಟೋ ಮಂದಿ ಮೊದಲಿನಿಂದ ಸಣಕಲಲ್ಲ, ರೋಗವೇ ಅವರನ್ನು ಕರಗಿಸಿರುತ್ತದೆ. ಅಂದರೆ ನಾವು ಬಿಎಂಐ 21 ಎಂದು ಬರೆದುಕೊಂಡದ್ದು ಆರೋಗ್ಯದ 21 ಅಲ್ಲ, ಆರು ತಿಂಗಳ ಹಿಂದೆ 25 ಇದ್ದು ಇಳಿದ 21. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ದಪ್ಪಗಿದ್ದವನು ಗೆದ್ದಂತೆ ಕಾಣುತ್ತದೆ.

2023ರಲ್ಲಿ ಪ್ಯಾರಡೈಮ್-ಎಚ್‌ಎಫ್ ಪ್ರಯೋಗದ 8,399 ರೋಗಿಗಳ ಮಾಹಿತಿಯನ್ನು ಮತ್ತೆ ಕೆದಕಿದರು. ಇವರೆಲ್ಲ ಪಂಪಿಂಗ್ (ಎಡ ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಭಾಗ ಹೊರತಳ್ಳುತ್ತದೆ ಎನ್ನುವ ಲೆಕ್ಕ) 40% ಅಥವಾ ಅದಕ್ಕಿಂತ ಕಡಿಮೆ ಇದ್ದವರು. ಬಿಎಂಐ ಒಂದನ್ನೇ ನೋಡಿದಾಗ ಪ್ಯಾರಡಾಕ್ಸ್ ಕಂಡಿತು. ರೋಗದ ತೀವ್ರತೆಯನ್ನು, ಅದರಲ್ಲೂ ರಕ್ತದ ಎನ್‌ಟಿ-ಪ್ರೊಬಿಎನ್‌ಪಿ ಮಟ್ಟವನ್ನು (ಹೃದಯಕ್ಕೆ ಒತ್ತಡ ಹೆಚ್ಚಿದಷ್ಟೂ ಇದು ಏರುತ್ತದೆ), ಲೆಕ್ಕಕ್ಕೆ ತಂದ ಮೇಲೆ ಆ ಲಾಭ ಕರಗಿತು. ಬಿಎಂಐ ಬದಲು ಸೊಂಟದ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ ನೋಡಿದಾಗ, ಕೊಬ್ಬು ಹೆಚ್ಚಿದ್ದವರೇ ಹಾರ್ಟ್ ಫೇಲ್ಯೂರ್‌ಗಾಗಿ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ನನ್ನ ಮಟ್ಟಿಗೆ, ಕೊಬ್ಬು ಕಾಪಾಡುತ್ತದೆ ಎನ್ನುವ ವಾದಕ್ಕೆ ಇಲ್ಲಿಗೆ ತೆರೆ ಬಿತ್ತು. ಸಣಕಲುತನ ಅಪಾಯದ ಸೂಚನೆ ಎನ್ನುವ ಮಾತು ಮಾತ್ರ ಹಾಗೇ ಉಳಿದಿದೆ, ಉಳಿಯಲೂ ಬೇಕು.

ತಕ್ಕಡಿ (ಹಾರ್ಟ್ ಫೇಲ್ಯೂರ್ ಕ್ಲಿನಿಕ್ ನರ್ಸ್)

ಡಾಕ್ಟರ್ ಹೇಳಿದ್ದನ್ನು ಮನೆಯ ತೂಕದ ಯಂತ್ರದ ಮೇಲೆ ತಂದು ನಿಲ್ಲಿಸುತ್ತೇನೆ.

ಯಂತ್ರ ತೋರಿಸುವ ಸಂಖ್ಯೆಯಲ್ಲಿ ಮೂರು ಬೇರೆ ಬೇರೆ ವಸ್ತು ಸೇರಿರುತ್ತವೆ: ನೀರು, ಕೊಬ್ಬು, ಮಾಂಸಖಂಡ. ಮೂರೂ ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ನೀರು ಗಂಟೆ, ದಿನಗಳ ಲೆಕ್ಕದಲ್ಲಿ. ಕೊಬ್ಬು ಮತ್ತು ಮಾಂಸಖಂಡ ವಾರ, ತಿಂಗಳುಗಳ ಲೆಕ್ಕದಲ್ಲಿ. ಒಂದು ಲೀಟರ್ ನೀರು ಒಂದು ಕೆಜಿ. ಒಂದು ಕೆಜಿ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಹಾಗಾಗಿ ಮೂರು ದಿನಕ್ಕೆ 2 ಕೆಜಿ ಏರಿದವರು "ಊಟ ಸ್ವಲ್ಪ ಜಾಸ್ತಿ ಆಯ್ತು" ಅಂದರೆ ಒಪ್ಪಬೇಡಿ. ಅದು ಕೊಬ್ಬಾಗಿದ್ದರೆ ಮಾಮೂಲಿ ಊಟದ ಮೇಲೆ ದಿನಕ್ಕೆ ಇನ್ನೂ 5,000 ಕ್ಯಾಲೊರಿ ತಿಂದಿರಬೇಕಿತ್ತು. ಏರಿದ್ದು ನೀರು.

ಈಗ ಎಲ್ಲರೂ ಎಡವುವ ಜಾಗ. ಆಸ್ಪತ್ರೆಯಿಂದ ಬಿಡುವಾಗ ಬಾವು ಇಳಿದು, ಎದೆ ತಿಳಿಯಾಗಿ, ತೂಕ 68 ಕೆಜಿ. ಇದನ್ನು ಒಣ ತೂಕ ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ಮೂರು ತಿಂಗಳಾದರೂ 68. ಪುಸ್ತಕ ನೋಡಿದವರು "ಸ್ಥಿರವಾಗಿದೆ" ಅನ್ನುತ್ತಾರೆ. ಮನುಷ್ಯನನ್ನು ನೋಡಿದರೆ ಹೆಗಲ ಮೂಳೆ ಎದ್ದಿದೆ, ಕಣತಲೆ ಗುಳಿ ಬಿದ್ದಿದೆ, ತೊಡೆ ಸಣ್ಣಗಾಗಿದೆ. ಆದರೆ ಕಾಲುಚೀಲದ ಗುರುತು ಮಾತ್ರ ಆಳವಾಗಿ ಉಳಿಯುತ್ತಿದೆ. ಮೂರು ಕೆಜಿ ಮಾಂಸಖಂಡ ಹೋಗಿದೆ, ಆ ಜಾಗಕ್ಕೆ ಮೂರು ಲೀಟರ್ ನೀರು ಬಂದಿದೆ. ಅವನ ನಿಜವಾದ ಒಣ ತೂಕ ಈಗ 65. ಇನ್ನೂ 68ನ್ನೇ ಗುರಿ ಇಟ್ಟುಕೊಂಡರೆ ಮೂರು ಲೀಟರ್ ನೀರನ್ನು ನಾವೇ ಅವನ ಮೈಯಲ್ಲಿ ಕಾದಿಟ್ಟ ಹಾಗೆ.

ಉಲ್ಟಾ ತಪ್ಪೂ ನಡೆಯುತ್ತದೆ. ಊಟ ಸೇರತೊಡಗಿ ಮೂರು ತಿಂಗಳಲ್ಲಿ ಎರಡು ಕೆಜಿ ನಿಜವಾದ ಮೈ ತುಂಬಿಕೊಂಡವರನ್ನು 68ಕ್ಕೆ ಎಳೆಯಲು ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಔಷಧ) ಹೆಚ್ಚಿಸುತ್ತಾರೆ. ಎದ್ದು ನಿಂತರೆ ತಲೆ ಸುತ್ತು, ಬಿಪಿ ಇಳಿತ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತದ ಅಂಶ) ಏರಿಕೆ. ಒಣ ತೂಕ ಕಲ್ಲಿನ ಮೇಲೆ ಕೊರೆದದ್ದಲ್ಲ. ಪ್ರತಿ ಭೇಟಿಯಲ್ಲೂ ಕತ್ತಿನ ನರ, ಕಾಲಿನ ಬಾವು, ಎದೆಯ ಸದ್ದು, ನಿಂತಾಗಿನ ಬಿಪಿ ನೋಡಿ ಮತ್ತೆ ಬರೆಯಬೇಕು, ದಿನಾಂಕ ಹಾಕಿ.

ನಾಡಿ (ವೈದ್ಯ ವಿದ್ಯಾರ್ಥಿ)

ಮೇಡಂ, ದಿನಾ ತೂಕ ನೋಡುವುದರಿಂದ ನಿಜಕ್ಕೂ ಉಪಯೋಗ ಇದೆಯಾ? 2010ರ ಟೆಲಿ-ಎಚ್‌ಎಫ್ ಪ್ರಯೋಗದಲ್ಲಿ 1,653 ರೋಗಿಗಳು ಸೇರಿದ್ದರು. ಒಂದು ಗುಂಪು ದಿನವೂ ಫೋನಿನಲ್ಲಿ ತೂಕ, ಲಕ್ಷಣ ತಿಳಿಸಿತು. ಆದರೂ ಮತ್ತೆ ಆಸ್ಪತ್ರೆ ಸೇರುವುದಾಗಲಿ ಸಾವಾಗಲಿ ಕಡಿಮೆ ಆಗಲಿಲ್ಲ ಅಂತ ಓದಿದ್ದೇನೆ.

ತಕ್ಕಡಿ

ಸರಿಯಾಗಿ ಓದಿದ್ದೀರಿ. ಆದರೆ ಅದೇ ಜಾತಿಯ ಟಿಮ್-ಎಚ್‌ಎಫ್2 ಎನ್ನುವ 2018ರ ಪ್ರಯೋಗದಲ್ಲಿ 1,571 ರೋಗಿಗಳಿದ್ದರು, ಅಲ್ಲಿ ಉಪಯೋಗ ಕಂಡಿತು. ವ್ಯತ್ಯಾಸ ಇದ್ದದ್ದು ತೂಕ ಬಂದ ಮೇಲೆ ಏನಾಯಿತು ಎನ್ನುವುದರಲ್ಲಿ. ಎರಡನೆಯದರಲ್ಲಿ ಹಗಲು ರಾತ್ರಿ ವೈದ್ಯರು, ನರ್ಸ್‌ಗಳು ಕೂತು ಸಂಖ್ಯೆ ನೋಡಿ ಅಂದೇ ಔಷಧ ಬದಲಿಸುತ್ತಿದ್ದರು. ತೂಕ ಬರೆದು ಯಾರೂ ಓದದಿದ್ದರೆ ಅದು ಬರೀ ಕಾಗದ.

ಮನೆಯಲ್ಲಿ ನೋಡುವ ಕ್ರಮ:

ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ಏನೂ ತಿನ್ನದೆ ಕುಡಿಯದೆ, ನೀರಿನ ಮಾತ್ರೆ ನುಂಗುವ ಮೊದಲು. ಅದೇ ತೂಕದ ಬಟ್ಟೆ, ಬರಿಗಾಲು. ಯಂತ್ರ ಗಟ್ಟಿ ನೆಲದ ಮೇಲೆ ಇರಲಿ, ಚಾಪೆ ಅಥವಾ ಕಾರ್ಪೆಟ್ ಮೇಲೆ ಇಟ್ಟರೆ ಸಂಖ್ಯೆ ನಂಬುವಂತಿಲ್ಲ. ಜಾಗ ಬದಲಿಸಬೇಡಿ. 100 ಗ್ರಾಮ್‌ವರೆಗೆ ತೋರಿಸುವ ಡಿಜಿಟಲ್ ಯಂತ್ರ ಸಾಕು. ಒಂದು ಕೆಜಿ ಹೆಚ್ಚು ಕಡಿಮೆ ತೋರಿಸಿದರೂ ಪರವಾಗಿಲ್ಲ, ದಿನವೂ ಅಷ್ಟೇ ತಪ್ಪು ತೋರಿಸಿದರೆ ಆಯಿತು. ಗೋಡೆ ಹಿಡಿದು ನಿಲ್ಲುವವರಿಗೆ ಸಂಖ್ಯೆ ಕಡಿಮೆ ಬರುತ್ತದೆ. ಅಂಥವರಿಗೆ ಜೊತೆಗೆ ಒಬ್ಬರು ಹತ್ತಿರ ನಿಂತಿರಲಿ, ಆದರೆ ಮುಟ್ಟದಿರಲಿ.

ಮೂರು ದಿನದೊಳಗೆ 2 ಕೆಜಿಗಿಂತ ಹೆಚ್ಚು ಏರಿದರೆ ಫೋನ್ ಮಾಡಿ. ನೀರಿನ ಮಾತ್ರೆ ಎಷ್ಟು ಹೆಚ್ಚಿಸಬೇಕು, ಎಷ್ಟು ದಿನ ಎಂದು ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಅದರಂತೆ ನಡೆಯಿರಿ.

ಎಕೋ ಕೋಣೆ

ಇದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ತೂಕ ಏರಿದರೆ ಅದಕ್ಕೆ ಅರ್ಥ ಇದೆ. ತೂಕ ಏರಲಿಲ್ಲ ಎಂದರೆ ಸುರಕ್ಷಿತ ಎಂದಲ್ಲ. ಆಸ್ಪತ್ರೆ ಸೇರುವ ಸ್ಥಿತಿಗೆ ಬಂದವರಲ್ಲಿ ಅನೇಕರಿಗೆ ತೂಕ ಹೇಳಿಕೊಳ್ಳುವಷ್ಟು ಏರಿರುವುದಿಲ್ಲ. ಹೊಟ್ಟೆಯ ರಕ್ತನಾಳಗಳಲ್ಲಿ ಮೊದಲೇ ಇದ್ದ ರಕ್ತ ಎದೆಯ ಕಡೆಗೆ ಸರಿದರೆ ಸಾಕು, ಮೈಗೆ ಒಂದು ಲೋಟ ನೀರೂ ಸೇರದೆ ಶ್ವಾಸಕೋಶದ ಒತ್ತಡ ಏರುತ್ತದೆ. ಶ್ವಾಸಕೋಶದ ರಕ್ತನಾಳದೊಳಗೆ ಒತ್ತಡ ಅಳೆಯುವ ಪುಟ್ಟ ಸಾಧನ ಇಟ್ಟು ನೋಡಿದ ಚಾಂಪಿಯನ್ ಪ್ರಯೋಗದಲ್ಲಿ 550 ರೋಗಿಗಳಿದ್ದರು, 2011ರಲ್ಲಿ ಪ್ರಕಟವಾಯಿತು. ಒತ್ತಡದ ಸಂಖ್ಯೆ ನೋಡಿ ಔಷಧ ಬದಲಿಸಿದವರಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಯಿತು.

ಹಾಗಾಗಿ ತೂಕದ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಮಲಗಲು ಎಷ್ಟು ದಿಂಬು ಬೇಕಾಯಿತು, ರಾತ್ರಿ ಉಸಿರು ಕಟ್ಟಿ ಎದ್ದು ಕೂತರಾ, ಬಗ್ಗಿ ಚಪ್ಪಲಿ ಹಾಕುವಾಗ ಏದುಸಿರು ಬಂತಾ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಬಗ್ಗಿದ ಅರ್ಧ ನಿಮಿಷದೊಳಗೆ ಏದುಸಿರು ಬಂದರೆ ಹೃದಯದೊಳಗಿನ ಒತ್ತಡ ಏರಿದೆ ಎನ್ನುವುದಕ್ಕೆ ಅದು ಒಳ್ಳೆಯ ಸುಳಿವು. ಹೊಟ್ಟೆ ದಪ್ಪ ಇರುವವರಲ್ಲಿ ಇದು ಬೇಗ ಬರುತ್ತದೆ, ಆದ್ದರಿಂದ ನಿನ್ನೆಗಿಂತ ಇವತ್ತು ಹೇಗಿದೆ ಎಂದೇ ಹೋಲಿಸಿ ನೋಡಬೇಕು.

ಗುಳಿಗೆ ಲೆಕ್ಕ (ಔಷಧ ತಜ್ಞ)

ತೂಕ ಏರಿತು ಎಂದು ಫೋನ್ ಬಂದಾಗ ನೀರಿನ ಮಾತ್ರೆ ಹೆಚ್ಚಿಸುವ ಮೊದಲು ಉಳಿದ ಔಷಧಗಳ ಪಟ್ಟಿ ಕೇಳಿ. ಮಂಡಿ ನೋವಿಗೆ ತೆಗೆದುಕೊಂಡ ಐಬುಪ್ರೊಫೇನ್, ಡಿಕ್ಲೋಫೆನಾಕ್ ಜಾತಿಯ ಮಾತ್ರೆಗಳು ಉಪ್ಪು ನೀರು ಹಿಡಿದಿಡುತ್ತವೆ, ನೀರಿನ ಮಾತ್ರೆಯ ಕೆಲಸಕ್ಕೂ ಅಡ್ಡ ಬರುತ್ತವೆ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಹಾರ್ಟ್ ಫೇಲ್ಯೂರ್ ಇರುವವರಿಗೆ ಕೊಡಬಾರದ ಔಷಧ. ಸ್ಟೀರಾಯ್ಡ್ ಕೂಡ ಉಪ್ಪು ನೀರು ಹಿಡಿದಿಡುತ್ತದೆ. ನೀರಿಗೆ ಹಾಕಿದರೆ ಬುರಬುರ ಕರಗುವ ಮಾತ್ರೆಗಳಲ್ಲಿ ಸೋಡಿಯಂ ಇರುತ್ತದೆ, ಅದನ್ನು ಯಾರೂ ಉಪ್ಪು ಎಂದು ಎಣಿಸುವುದಿಲ್ಲ.

ಎರಡನೆಯ ವಿಷಯ, ಕರುಳಿನ ಬಾವು. ಮೈಯಲ್ಲಿ ನೀರು ಹೆಚ್ಚಿದಾಗ ಕರುಳಿನ ಗೋಡೆಯೂ ಊದಿಕೊಳ್ಳುತ್ತದೆ, ಬಾಯಿಯಿಂದ ಕೊಟ್ಟ ಫ್ಯೂರೋಸೆಮೈಡ್ ಎನ್ನುವ ನೀರಿನ ಮಾತ್ರೆ ನಿಧಾನವಾಗಿ ಒಳಗೆ ಹೋಗುತ್ತದೆ. ರಕ್ತದಲ್ಲಿ ಅದು ಕೆಲಸಕ್ಕೆ ಬೇಕಾದ ಮಟ್ಟ ಮುಟ್ಟುವುದೇ ಇಲ್ಲ. ರೋಗಿ "ಮಾತ್ರೆ ತಗೊಂಡೆ, ಮೂತ್ರ ಬರಲಿಲ್ಲ" ಅನ್ನುವುದು ಸುಳ್ಳಲ್ಲ. ಮಾತ್ರೆ ನುಂಗಿ ಒಂದೆರಡು ಗಂಟೆಯಲ್ಲಿ ಮೂತ್ರ ಹೆಚ್ಚಾಗದಿದ್ದರೆ ಆ ಡೋಸ್ ಸಾಲುತ್ತಿಲ್ಲ ಎಂದರ್ಥ, ಅದನ್ನು ವೈದ್ಯರಿಗೆ ಹೀಗೇ ಹೇಳಬೇಕು. ಅದೇ ಜಾತಿಯ ಟಾರ್ಸೆಮೈಡ್ ಹೆಚ್ಚು ಸರಾಗವಾಗಿ ಒಳಸೇರುತ್ತದೆ. ಆದರೆ 2022ರಲ್ಲಿ ಮುಗಿದ 2,859 ರೋಗಿಗಳ ಟ್ರಾನ್ಸ್‌ಫಾರ್ಮ್-ಎಚ್‌ಎಫ್ ಪ್ರಯೋಗದಲ್ಲಿ ಸಾವಿನ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಡೋಸ್ ಲೆಕ್ಕಕ್ಕೂ ತೂಕ ಬೇಕು. ಪಂಪಿಂಗ್ ಕಡಿಮೆ ಇರುವವರಲ್ಲಿ ಹೃದಯದ ಬಡಿತ ತಗ್ಗಿಸುವ ಕಾರ್ವೆಡಿಲಾಲ್‌ನ ಗುರಿ ದಿನಕ್ಕೆ ಎರಡು ಸಲ 25 ಮಿಗ್ರಾಂ, 85 ಕೆಜಿ ಮೀರಿದವರಿಗೆ ಎರಡು ಸಲ 50. ಹೃದಯ ಬಡಿತದ ತಾಳ ತಪ್ಪಿ ಎಪಿಕ್ಸಬಾನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರಲ್ಲಿ ಡೋಸ್ ಇಳಿಸಲು ಮೂರು ಅಳತೆಗಳಿವೆ: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕೆಜಿ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಮಿಗ್ರಾಂ/ಡೆಸಿಲೀಟರ್ ಅಥವಾ ಹೆಚ್ಚು. ಇವುಗಳಲ್ಲಿ ಎರಡು ಇದ್ದರೆ 5ರ ಬದಲು 2.5 ಮಿಗ್ರಾಂ. 62 ಕೆಜಿ ಇದ್ದವರು 58ಕ್ಕೆ ಕರಗಿದಾಗ ಈ ಚೀಟಿಯನ್ನು ಮತ್ತೆ ತೆರೆದು ನೋಡುವವರು ಕಡಿಮೆ.

ಅದೇ ಕರಗಿದವರಲ್ಲಿ ಕ್ರಿಯಾಟಿನಿನ್ ಕೂಡ ಮೋಸ ಮಾಡುತ್ತದೆ. ಅದು ಮಾಂಸಖಂಡದಿಂದ ಬರುವ ವಸ್ತು. ಮಾಂಸಖಂಡ ಕಡಿಮೆಯಾದರೆ ಕಿಡ್ನಿ ಕೆಟ್ಟಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಅನುಮಾನ ಬಂದರೆ ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎನ್ನುವ ರಕ್ತ ಪರೀಕ್ಷೆ ಮಾಡಿಸಬೇಕು.

ಪಥ್ಯದ ಪುಟ

ಕರಗುವವರ ಬಗ್ಗೆ ಇನ್ನೂ ಬಿಡಿಸಿ ಹೇಳಿ. ಎಷ್ಟು ಇಳಿದರೆ ಗಾಬರಿ ಪಡಬೇಕು?

ಎಕೋ ಕೋಣೆ

ಯತ್ನಿಸದೆ ಇಳಿದ ತೂಕ ಎನ್ನುವ ಪದವನ್ನು ಮೊದಲು ಹಿಡಿದುಕೊಳ್ಳಿ. ನೀರಿನ ಮಾತ್ರೆಯಿಂದ ಇಳಿದದ್ದನ್ನು ಇದರಲ್ಲಿ ಸೇರಿಸಬಾರದು, ಬಾವು ಇಲ್ಲದಾಗಿನ ತೂಕವನ್ನೇ ಬಾವು ಇಲ್ಲದಾಗಿನ ತೂಕಕ್ಕೆ ಹೋಲಿಸಬೇಕು.

1997ರ ಪ್ರಸಿದ್ಧ ಅಧ್ಯಯನದಲ್ಲಿ ಆರು ತಿಂಗಳಿಗಿಂತ ಹೆಚ್ಚು ಅವಧಿಯಲ್ಲಿ 7.5%ಗಿಂತ ಹೆಚ್ಚು ತೂಕ ಕಳೆದುಕೊಂಡವರನ್ನು ಕ್ಯಾಕೆಕ್ಸಿಯಾ (ರೋಗದಿಂದ ಮೈ ಕರಗುವುದು) ಎಂದು ಗುರುತಿಸಿದರು. ಹದಿನೆಂಟು ತಿಂಗಳಾಗುವಾಗ ಅವರಲ್ಲಿ ಅರ್ಧದಷ್ಟು ಜನ ಉಳಿದಿರಲಿಲ್ಲ. ಕರಗದವರಲ್ಲಿ ಸಾವು 17%. ಮುಂದೆ 6% ಇಳಿಕೆಯೇ ಕೆಟ್ಟ ಸೂಚನೆ ಎಂದು ಕಂಡಿತು. 2008ರ ಒಮ್ಮತದ ವ್ಯಾಖ್ಯೆ ಇದನ್ನು ಹನ್ನೆರಡು ತಿಂಗಳಲ್ಲಿ 5%ಕ್ಕೆ ತಂದಿತು, ಜೊತೆಗೆ ಬಲ ಕುಂದುವುದು, ಸುಸ್ತು, ಹಸಿವಿಲ್ಲದಿರುವುದು, ಮಾಂಸಖಂಡ ಇಳಿದಿರುವುದು, ರಕ್ತ ಪರೀಕ್ಷೆಯಲ್ಲಿ ಉರಿಯೂತ, ರಕ್ತಹೀನತೆ ಅಥವಾ ಅಲ್ಬುಮಿನ್ ಎನ್ನುವ ರಕ್ತದ ಪ್ರೊಟೀನ್ ಇಳಿಕೆ ಇವುಗಳಲ್ಲಿ ಮೂರಾದರೂ ಇರಬೇಕು. 80 ಕೆಜಿ ಇದ್ದವರಿಗೆ 5% ಎಂದರೆ ಬರೀ 4 ಕೆಜಿ. 76 ಕೆಜಿ ಇರುವವರನ್ನು ನೋಡಿ ಯಾರೂ ಸಣಕಲು ಅನ್ನುವುದಿಲ್ಲ. ದಪ್ಪಗಿರುವವರಲ್ಲಿ ಕ್ಯಾಕೆಕ್ಸಿಯಾ ಕಣ್ಣು ತಪ್ಪಿಸುವುದು ಹೀಗೇ, "ತೂಕ ಇಳಿದಿದೆ, ಭೇಷ್" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ.

ಯಾಕೆ ಕರಗುತ್ತಾರೆ ಎಂದರೆ ಹಸಿವು ಒಂದೇ ಕಾರಣವಲ್ಲ. ಊದಿದ ಕರುಳು ಪೋಷಕಾಂಶ ಹೀರುವುದಿಲ್ಲ, ಊದಿದ ಯಕೃತ್ತು ಹೊಟ್ಟೆಯನ್ನು ಒತ್ತಿ ನಾಲ್ಕು ತುತ್ತಿಗೇ ಸಾಕು ಅನ್ನಿಸುತ್ತದೆ. ಉರಿಯೂತದ ರಾಸಾಯನಿಕಗಳು, ಅಡ್ರಿನಲಿನ್, ಕಾರ್ಟಿಸೋಲ್ ಎಲ್ಲ ಏರಿ ಮೈ ತನ್ನ ಮಾಂಸಖಂಡವನ್ನೇ ಒಡೆಯುತ್ತದೆ. ಹಾಗಾಗಿ ಬರೀ ಊಟ ಹೆಚ್ಚಿಸಿದರೆ ಸಾಲದು, ಬಾವು ಮೊದಲು ಇಳಿಸಬೇಕು. ಎಷ್ಟೋ ಸಲ ಹಸಿವು ತಾನಾಗಿ ಮರಳುವುದು ಆಮೇಲೆ.

ಹೆಜ್ಜೆ (ಫಿಸಿಯೋಥೆರಪಿಸ್ಟ್)

ಮಾಂಸಖಂಡ ಹೋಗುತ್ತಿದೆಯಾ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಕೈ ಹಿಡಿತದ ಬಲ ಅಳೆಯುವ ಡೈನಮೋಮೀಟರ್‌ನಲ್ಲಿ ಗಂಡಸರಿಗೆ 27 ಕೆಜಿ, ಹೆಂಗಸರಿಗೆ 16 ಕೆಜಿಗಿಂತ ಕಡಿಮೆ ಬಂದರೆ ಅನುಮಾನ ಪಡಿ. ಅದೂ ಇಲ್ಲವಾದರೆ ಕುರ್ಚಿ ಸಾಕು: ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ಬಾವು ಇರುವವರಲ್ಲಿ ಮೀನಖಂಡದ ಸುತ್ತಳತೆ ನಂಬಬೇಡಿ, ನೀರು ಅಲ್ಲೇ ನಿಲ್ಲುವುದು. ತೋಳಿನ ನಡುಭಾಗದ ಅಳತೆ ಅಷ್ಟು ಬೇಗ ಮೋಸ ಮಾಡುವುದಿಲ್ಲ. ಬಾವು ಇದ್ದಾಗ ಬಯೋಇಂಪೆಡೆನ್ಸ್ ಯಂತ್ರವೂ (ಸಣ್ಣ ವಿದ್ಯುತ್ ಹರಿಸಿ ಮೈಯ ಕೊಬ್ಬು, ಮಾಂಸಖಂಡ ಅಂದಾಜು ಮಾಡುವಂಥದ್ದು) ನೀರನ್ನು ಮಾಂಸಖಂಡ ಎಂದೇ ಓದುತ್ತದೆ, ಅದರ ಚೀಟಿ ಹಿಡಿದು ಖುಷಿ ಪಡಬಾರದು.

ಸಿಕಾ-ಎಚ್‌ಎಫ್ ಅಧ್ಯಯನದ 200 ರೋಗಿಗಳಲ್ಲಿ ಐದರಲ್ಲಿ ಒಬ್ಬರಿಗೆ ಮಾಂಸಖಂಡ ಕ್ಷೀಣಿಸಿತ್ತು. ಇದು 2013ರ ಮಾತು. ಇವರಿಗೆ ನಡಿಗೆಯ ಜೊತೆ ಬಲದ ವ್ಯಾಯಾಮವೂ ಬೇಕು. ಎತ್ತಬಲ್ಲ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆಯಿಂದ ಶುರು ಮಾಡಿ, ಉಸಿರು ಬಿಗಿ ಹಿಡಿಯದೆ, ವಾರಕ್ಕೆ ಎರಡು ಸಲ. ಬಾವು ಏರುತ್ತಿರುವ ವಾರದಲ್ಲಿ ಬೇಡ.

ಪಥ್ಯದ ಪುಟ

ಊಟದ ಕಡೆಯಿಂದ ನಾನೇ ಸೇರಿಸುತ್ತೇನೆ. ಬಾವು ಇಲ್ಲದಾಗಿನ ತೂಕದ ಪ್ರತಿ ಕೆಜಿಗೆ ದಿನಕ್ಕೆ ಕನಿಷ್ಠ 1.1 ಗ್ರಾಂ ಪ್ರೊಟೀನ್. 65 ಕೆಜಿಯವರಿಗೆ ಸುಮಾರು 72 ಗ್ರಾಂ, ಒಂದೇ ಹೊತ್ತಿಗಲ್ಲ, ಐದಾರು ಸಣ್ಣ ಊಟಗಳಲ್ಲಿ ಹಂಚಿ. ಕಿಡ್ನಿ ಕೆಟ್ಟಿರುವವರಿಗೆ ಈ ಸಂಖ್ಯೆಯನ್ನು ವೈದ್ಯರ ಜೊತೆ ಕೂತು ಹೊಂದಿಸಬೇಕು. ಆಸ್ಪತ್ರೆ ಸೇರಿದ, ಪೋಷಣೆ ಕಡಿಮೆಯಾದ 645 ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಒಬ್ಬೊಬ್ಬರಿಗೂ ಹೊಂದುವಂತೆ ಊಟ ಯೋಜಿಸಿ ಕೊಟ್ಟಾಗ ಮೂವತ್ತು ದಿನದ ಸಾವು 14.8%ದಿಂದ 8.4%ಗೆ ಇಳಿದಿತ್ತು. 2021ರಲ್ಲಿ ಬಂದ ಈ ಲೆಕ್ಕ ನಮ್ಮ ಕೆಲಸಕ್ಕೆ ಸಿಕ್ಕ ದೊಡ್ಡ ಬಲ.

ಉಪ್ಪಿನ ವಿಷಯದಲ್ಲಿ ಅತಿ ಬಿಗಿ ಮಾಡಿ ಊಟವನ್ನೇ ಬೇಡವಾಗಿಸಬಾರದು. 2022ರ ಸೋಡಿಯಂ-ಎಚ್‌ಎಫ್ ಪ್ರಯೋಗದಲ್ಲಿ 806 ರೋಗಿಗಳಿದ್ದರು. ದಿನಕ್ಕೆ ಸೋಡಿಯಂ 1,500 ಮಿಗ್ರಾಂ ಒಳಗೆ ಇಳಿಸಲು ಹೇಳಿದ ಗುಂಪಿನಲ್ಲಿ ಸಾವು ಅಥವಾ ಆಸ್ಪತ್ರೆ ಭೇಟಿ ಕಡಿಮೆಯಾಗಲಿಲ್ಲ. ಹಾಗೆಂದು ಉಪ್ಪು ಸುರಿಯಿರಿ ಎಂದಲ್ಲ. ಸಪ್ಪೆ ಎಂದು ತಟ್ಟೆ ತಳ್ಳುವ ಸಣಕಲು ರೋಗಿಯ ಮುಂದೆ ಹಟ ಬೇಡ ಎಂದಷ್ಟೇ.

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ಬಿಎಂಐ 33 ಇರುವವರಿಗೆ ಇಳಿಸು ಅನ್ನಲೇ, ಬೇಡವೇ?

ಎಕೋ ಕೋಣೆ

ಪಂಪಿಂಗ್ ಎಷ್ಟಿದೆ ಎಂದು ಕೇಳಿ, ಉತ್ತರ ಎರಡಾಗಿ ಒಡೆಯುತ್ತದೆ.

ಪಂಪಿಂಗ್ 50% ಅಥವಾ ಹೆಚ್ಚಿದ್ದು ಗೋಡೆ ಬಿಗಿಯಾಗಿರುವ ಜಾತಿಯಾದರೆ, ಬೊಜ್ಜೇ ರೋಗದ ಬೇರು ಆಗಿರಬಹುದು. ಈ ರೋಗವನ್ನು ಪತ್ತೆ ಮಾಡುವ 9 ಅಂಕಗಳ ಎಚ್2ಎಫ್‌ಪೆಫ್ ಪಟ್ಟಿಯಲ್ಲಿ ಬಿಎಂಐ 30 ಮೀರಿದ್ದಕ್ಕೇ 2 ಅಂಕ. ಇಲ್ಲಿ ಬೇಕೆಂದು ತೂಕ ಇಳಿಸಿದರೆ ಲಾಭ ಇದೆ. 2016ರಲ್ಲಿ ಇಂಥ 100 ಹಿರಿಯರಿಗೆ 20 ವಾರ ಊಟ ಕಡಿತ, ವ್ಯಾಯಾಮ ಎರಡನ್ನೂ ಪರೀಕ್ಷಿಸಿದರು. ಒಂದೊಂದರಿಂದಲೂ ಆಮ್ಲಜನಕ ಬಳಸುವ ಶಕ್ತಿ ಏರಿತು, ಎರಡೂ ಸೇರಿದಾಗ ಸುಮಾರು ಇಮ್ಮಡಿ ಏರಿತು. 2023ರ ಸ್ಟೆಪ್-ಎಚ್‌ಎಫ್‌ಪೆಫ್‌ನಲ್ಲಿ 529 ರೋಗಿಗಳು. ವಾರಕ್ಕೊಮ್ಮೆ ಹಸಿವು ತಗ್ಗಿಸಿ ತೂಕ ಇಳಿಸುವ ಇಂಜೆಕ್ಷನ್ ಸೆಮಾಗ್ಲುಟೈಡ್ 2.4 ಮಿಗ್ರಾಂ ಪಡೆದವರ ತೂಕ ಒಂದು ವರ್ಷದಲ್ಲಿ 13.3% ಇಳಿಯಿತು, ಆರು ನಿಮಿಷದ ನಡಿಗೆ 21 ಮೀಟರ್‌ಗೂ ಹೆಚ್ಚು ಏರಿತು. 2024ರ ಸಮ್ಮಿಟ್‌ನಲ್ಲಿ 731 ರೋಗಿಗಳು. ಅಂಥದ್ದೇ ಇಂಜೆಕ್ಷನ್ ಟಿರ್ಜೆಪಟೈಡ್ ಪಡೆದವರಲ್ಲಿ ಹೃದಯ ಸಂಬಂಧಿ ಸಾವು ಅಥವಾ ರೋಗ ಉಲ್ಬಣ 9.9%, ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲಿ 15.3%. ಕಡಿಮೆಯಾದದ್ದು ಮುಖ್ಯವಾಗಿ ಉಲ್ಬಣವೇ ಹೊರತು ಸಾವಲ್ಲ, ಮನೆಯವರಿಗೆ ಹಾಗೇ ಹೇಳಬೇಕು.

ಪಂಪಿಂಗ್ 40%ಗಿಂತ ಕಡಿಮೆ ಇದ್ದರೆ ಅವಸರ ಬೇಡ. ಸೆಮಾಗ್ಲುಟೈಡ್ ಗುಂಪಿನದೇ ಹಳೆಯ ಔಷಧ ಲಿರಾಗ್ಲುಟೈಡ್ ಅನ್ನು ಫೈಟ್ ಪ್ರಯೋಗದಲ್ಲಿ 300 ರೋಗಿಗಳಿಗೆ, ಲೈವ್‌ನಲ್ಲಿ 241 ರೋಗಿಗಳಿಗೆ ಹಂಚಿ ನೋಡಿದರು. ಮೊದಲನೆಯದರಲ್ಲಿ ಲಾಭ ಕಾಣಲಿಲ್ಲ. ಎರಡನೆಯದರಲ್ಲಿ ಗಂಭೀರ ಹೃದಯ ತೊಂದರೆಗಳು ಔಷಧ ಪಡೆದವರಲ್ಲೇ ಹೆಚ್ಚಿದ್ದವು. ಆದ್ದರಿಂದ ಇಂಥವರಲ್ಲಿ ಸಾವು ತಡೆಯುವ ನಾಲ್ಕು ಜಾತಿಯ ಔಷಧಗಳನ್ನು ಪೂರ್ತಿ ಡೋಸಿಗೆ ಏರಿಸುವುದೇ ಮೊದಲು. ತೂಕ ಇಳಿಸುವುದಾದರೆ ನಿಧಾನವಾಗಿ, ವ್ಯಾಯಾಮದ ಜೊತೆ. ಹೃದಯ ಕಸಿಯ ಪಟ್ಟಿಗೆ ಸೇರಬೇಕಾದವರ ಬಿಎಂಐ 35 ಮೀರಿದ್ದರೆ ಮಾತ್ರ ಲೆಕ್ಕ ಬೇರೆ. ಅವರಿಗೆ ಇಳಿಸಲೇಬೇಕಾಗುತ್ತದೆ.

ಇನ್ನೊಂದು ಮಾತು. ದಪ್ಪಗಿರುವವರಲ್ಲಿ ಬಿಎನ್‌ಪಿ ಮಟ್ಟ ಕಡಿಮೆಯೇ ಇರುತ್ತದೆ. ಅವರ ಈ ರಕ್ತ ಪರೀಕ್ಷೆಯ ವರದಿ ಸಹಜ ಎಂದು ಬಂದರೂ "ಇದು ಬರೀ ದಪ್ಪದ ಏದುಸಿರು" ಎಂದು ತಳ್ಳಿಹಾಕಬೇಡಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ಗುಳಿಗೆ ಲೆಕ್ಕ

ಈ ಇಂಜೆಕ್ಷನ್ ಶುರುವಾದ ಮೇಲೆ ನೀರಿನ ಮಾತ್ರೆಯ ಡೋಸ್ ಹಾಗೇ ಬಿಟ್ಟರೆ ತೊಂದರೆ. ವಾಂತಿ, ಭೇದಿ, ಊಟ ಕಡಿಮೆ, ಮೇಲೆ ಹಳೆಯ ಡೋಸ್: ಬಿಪಿ ಬೀಳುತ್ತದೆ, ಕಿಡ್ನಿಗೆ ಪೆಟ್ಟು. ಡೋಸ್ ಏರಿಸುವ ಪ್ರತಿ ಹಂತದಲ್ಲೂ ನಿಂತಾಗಿನ ಬಿಪಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ (ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳು) ತೆಗೆದುಕೊಳ್ಳುವವರು ತೂಕ ಇಳಿಸಲೆಂದು ಅನ್ನಾಹಾರ ಪೂರ್ತಿ ಬಿಟ್ಟು ಉಪವಾಸ ಮಾಡಬಾರದು. ರಕ್ತದಲ್ಲಿ ಸಕ್ಕರೆ ಸಹಜವಾಗಿ ಕಂಡರೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಬಹುದು. ವಾಂತಿ ಭೇದಿಯ ದಿನ, ದೊಡ್ಡ ಆಪರೇಷನ್ನಿಗೆ ಮೂರು ದಿನ ಮೊದಲು ಈ ಮಾತ್ರೆ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಈ ಮಾತ್ರೆ ಶುರುವಾದಾಗ ಮೊದಲ ವಾರ ಇಳಿಯುವ ತೂಕದಲ್ಲಿ ಹೆಚ್ಚಿನದು ನೀರು, ಅದನ್ನು ಕೊಬ್ಬು ಕರಗಿತು ಎಂದು ಬರೆಯಬೇಡಿ.

ನಾಡಿ

ಸೊಂಟದ ಅಳತೆ ಎಲ್ಲಿ ತೆಗೆಯಬೇಕು? ಒಬ್ಬೊಬ್ಬರು ಒಂದೊಂದು ಕಡೆ ಟೇಪ್ ಹಿಡಿಯುತ್ತಾರೆ.

ತಕ್ಕಡಿ

ಪಕ್ಕೆಯ ಕೊನೆಯ ಎಲುಬಿನ ಕೆಳಗಿನ ಅಂಚು, ಸೊಂಟದ ಮೂಳೆಯ ಮೇಲಂಚು, ಇವೆರಡರ ನಟ್ಟನಡುವೆ. ಬಟ್ಟೆ ಸರಿಸಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪ್ ನೆಲಕ್ಕೆ ಸಮನಾಗಿರಲಿ, ಚರ್ಮ ಒತ್ತಬಾರದು. ಎತ್ತರದ ಅರ್ಧಕ್ಕಿಂತ ಕಡಿಮೆ ಬರಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಈ ಅಳತೆ ಕೊಬ್ಬಿನದ್ದಾಗುವುದಿಲ್ಲ, ನೀರು ಇಳಿದ ಮೇಲೆ ತೆಗೆಯಿರಿ.

ಪಥ್ಯದ ಪುಟ

ಇದನ್ನೆಲ್ಲ ಇಟ್ಟುಕೊಂಡು ಪಟ್ಟಿಯ ಮೇಲ್ಭಾಗವನ್ನು ಬದಲಿಸುತ್ತಿದ್ದೇನೆ. ಬಿಎಂಐ ಒಂದೇ ಇದ್ದ ಜಾಗದಲ್ಲಿ ಪಂಪಿಂಗ್, ದಿನಾಂಕದ ಜೊತೆ ಒಣ ತೂಕ, ಒಂದು ವರ್ಷದ ಹಿಂದಿನ ಒಣ ತೂಕ, ಸೊಂಟ ಮತ್ತು ಎತ್ತರ, ಕೈ ಹಿಡಿತ. ಒಂದು ಪ್ರಶ್ನೆ ಉಳಿಯಿತು: ನಿಲ್ಲಲಾರದವರ ತೂಕ?

ತಕ್ಕಡಿ

ಕುರ್ಚಿ ತೂಕದ ಯಂತ್ರ ಇದ್ದರೆ ಒಳ್ಳೆಯದು. ಗಾಲಿಕುರ್ಚಿ ಸಮೇತ ತೂಗುವ ಯಂತ್ರವಾದರೆ ಖಾಲಿ ಕುರ್ಚಿಯ ತೂಕವನ್ನು ಅದರ ಬೆನ್ನಿನ ಮೇಲೇ ಬರೆದು ಅಂಟಿಸಿ, ದಿಂಬು, ಹೊದಿಕೆ ತೆಗೆದು ತೂಗಿ, ಕಳೆಯಿರಿ. ಯಾವುದೂ ಸಿಗದ ಕಡೆ ಎರಡೂ ಕಾಲಿನ ಗಂಟಿನ ಮೇಲೆ ಒಂದೇ ಎತ್ತರದಲ್ಲಿ ಪೆನ್ನಿನಿಂದ ಗೆರೆ ಎಳೆದು, ಬೆಳಿಗ್ಗೆ ಹಾಸಿಗೆಯಿಂದ ಕಾಲು ಇಳಿಸುವ ಮೊದಲು ಟೇಪಿನಿಂದ ಸುತ್ತಳತೆ ತೆಗೆದು ಬರೆಯಿರಿ. ಹಾಸಿಗೆ ಹಿಡಿದವರಲ್ಲಿ ನೀರು ಕಾಲಿಗಿಂತ ಬೆನ್ನಿನ ಕೆಳಭಾಗಕ್ಕೆ ಇಳಿಯುತ್ತದೆ. ಅವರನ್ನು ಮಗ್ಗುಲಿಗೆ ತಿರುಗಿಸಿ, ಸೊಂಟದ ಹಿಂದಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡ್ ಒತ್ತಿ, ಗುಳಿ ಉಳಿಯುತ್ತದೆಯಾ ನೋಡಿ.